ಬಾಡಿಗೆ ಮನೆಯಲ್ಲಿ ಮೆಚ್ಚಿದ ಸಣ್ಣ ಅನುಕೂಲಗಳನ್ನು ಸ್ವಂತ ಮನೆಗೆ ತರುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಳೆದ ಒಂದು ವರ್ಷದಲ್ಲಿ ನನಗೆ ಗೊತ್ತಿರುವ ನಾಲ್ಕು ಮನೆಯವರು ಹಾಸನದಲ್ಲಿ ಗೃಹಪ್ರವೇಶ ಮಾಡಿದರು. ನಾಲ್ಕೂ ಕಡೆ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಮನೆಯಾಕೆ ನನ್ನ ಪಕ್ಕ ಬಂದು ಹೇಳಿದ್ದು ಒಂದೇ ಮಾತು: 'ಬಾಡಿಗೆ ಮನೆಯಲ್ಲಿ ಅದೊಂದು ಎಷ್ಟು ಚೆನ್ನಾಗಿತ್ತು. ಇಲ್ಲಿ ಮಾಡಿಸೋದೇ ಮರೆತು ಹೋಯ್ತು.' ಒಬ್ಬರಿಗೆ ಅದು ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಾಗ. ಇನ್ನೊಬ್ಬರಿಗೆ ಹಾಸಿಗೆ ಪಕ್ಕದ ಸ್ವಿಚ್ಚು. ಮತ್ತೊಬ್ಬರಿಗೆ ತೊಟ್ಟಿಲು ಕಟ್ಟುವ ಕೊಕ್ಕೆ.

ಇವರಲ್ಲಿ ಯಾರೂ ಅಸಡ್ಡೆ ಮಾಡಿದವರಲ್ಲ. ಎಲ್ಲರ ಹತ್ತಿರವೂ ಪಟ್ಟಿ ಇತ್ತು. ಆ ಪಟ್ಟಿ ಮೇಸ್ತ್ರಿ ಕೈ ಸೇರುವಷ್ಟರಲ್ಲಿ ದಿನ ಮೀರಿತ್ತು, ಅಷ್ಟೇ. ಮನೆ ಕಟ್ಟುವಾಗ ಪ್ರತಿ ಸಣ್ಣ ವಿಷಯಕ್ಕೂ ಒಂದು ಕೊನೆಯ ದಿನ ಇರುತ್ತದೆ. ಅದರೊಳಗೆ ಹೇಳಿದರೆ ಅರ್ಧ ಗಂಟೆಯ ಕೆಲಸ. ಮಾರನೇ ದಿನ ಹೇಳಿದರೆ ಗೋಡೆ ಒಡೆಯಬೇಕು. ಹಾಗಾಗಿ ಏನೇನು ಬೇಕು ಅನ್ನುವುದರ ಜೊತೆಗೆ, ಯಾವುದನ್ನು ಯಾವಾಗ, ಯಾರಿಗೆ ಹೇಳಬೇಕು ಅನ್ನುವುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರದು ವರ್ಗಾವಣೆಯ ಕೆಲಸ. ಹದಿನಾಲ್ಕು ವರ್ಷದಲ್ಲಿ ಐದು ಬಾಡಿಗೆ ಮನೆ ಆಯಿತು, ಹಾಸನದಲ್ಲಿ ಮೂರು, ಚಿಕ್ಕಮಗಳೂರಿನಲ್ಲಿ ಎರಡು. ಆಮೇಲೆ ಹಾಸನದ ಸಾಲಗಾಮೆ ರಸ್ತೆ ಕಡೆ 30×40 ಸೈಟಿನಲ್ಲಿ ನಮ್ಮ ಮನೆ ಕಟ್ಟಿಸಿದೆವು. ಕೆಳಗಿನ ಹಂತಗಳು ಆ ಅನುಭವದ್ದು.

## ಬೇಕಾಗುವ ಸಾಮಾನು

5 ಮೀಟರಿನ ಟೇಪು, ಒಂದು ನೋಟ್‌ಬುಕ್, ಸೀಮೆಸುಣ್ಣ, ಫೋನು, ಒಂದು ಗೋಲಿ, ಒಂದು ಬಕೆಟ್ ನೀರು. ಇಷ್ಟು ಸಾಕು. ಗೋಲಿ ನೆಲದ ಇಳಿಜಾರು ನೋಡಲು. ಟೇಪು ಅಡುಗೆಮನೆಯಲ್ಲೇ, ಕೈಗೆ ಸಿಗುವ ಕಡೆ ಇರಲಿ. ಅಳತೆಯನ್ನು ಅಡಿ ಮತ್ತು ಇಂಚಿನಲ್ಲೇ ಬರೆಯಿರಿ. ನಮ್ಮ ಕಡೆ ಮೇಸ್ತ್ರಿ, ಬಡಗಿ ಎಲ್ಲರೂ ಮಾತಾಡುವುದು ಅದರಲ್ಲೇ.

## ಹಂತ 1: ಯಾಕೆ ಇಷ್ಟವಾಯಿತು ಅಂತ ಬರೆಯಿರಿ

ಇದನ್ನು ಬಾಡಿಗೆ ಮನೆಯಲ್ಲಿ ಇರುವಾಗಲೇ ಮಾಡಬೇಕು. ಖಾಲಿ ಮಾಡಿದ ಮೇಲೆ ನೆನಪಿನಿಂದ ಬರೆದರೆ ಅರ್ಧ ತಪ್ಪಿರುತ್ತದೆ. ಒಂದು ಪೂರ್ತಿ ವರ್ಷ ಬರೆಯಲು ಆದರೆ ಬಹಳ ಒಳ್ಳೆಯದು. ಏಪ್ರಿಲ್‌ನಲ್ಲಿ ಚೆನ್ನಾಗಿ ಕಂಡ ಕಿಟಕಿ ಜುಲೈನಲ್ಲಿ ನೀರು ಸೋರುತ್ತದೆ. ಡಿಸೆಂಬರ್‌ನಲ್ಲಿ ಅದೇ ಕಿಟಕಿಯ ಸಂದಿಯಿಂದ ಚಳಿ ಬರುತ್ತದೆ.

ಪುಟದಲ್ಲಿ ಮೂರು ಕಾಲಂ ಹಾಕಿ. ಏನು, ಯಾಕೆ, ಅಳತೆ ಎಷ್ಟು. ಎರಡನೆಯದನ್ನೇ ಜನ ಖಾಲಿ ಬಿಡುತ್ತಾರೆ.

ನಮ್ಮ ಮೊದಲನೇ ಬಾಡಿಗೆ ಮನೆ ಹಾಸನದ ಹಳೇ ಹೆಂಚಿನ ಮನೆ. ಬಾಗಿಲ ಪಕ್ಕ ಮೊಣಕಾಲೆತ್ತರದ ಒಂದು ಕಲ್ಲು ಚಪ್ಪಡಿ ಇತ್ತು. ಮುಂದೆ ನಮ್ಮ ಮನೆಗೂ ಅಂಥದ್ದೇ ಕಲ್ಲು ಹಾಕಿಸಬೇಕು ಅಂತ ಆಗಲೇ ಅಂದುಕೊಂಡಿದ್ದೆ. ಬರೆಯಲು ಕೂತಾಗ ಯೋಚಿಸಿದೆ, ಆ ಕಲ್ಲು ನನಗೆ ಏನು ಮಾಡುತ್ತಿತ್ತು? ಸಂತೆಯಿಂದ ಬಂದಾಗ ಬೀಗ ತೆಗೆಯಲು ಎರಡೂ ಕೈ ಬೇಕು, ತರಕಾರಿ ಚೀಲವನ್ನು ಒದ್ದೆ ನೆಲದಲ್ಲಿ ಇಡುವ ಹಾಗಿಲ್ಲ. ಚೀಲ ಆ ಕಲ್ಲಿನ ಮೇಲೆ ಕೂರುತ್ತಿತ್ತು. ಅಂದರೆ ಬೇಕಾಗಿದ್ದು ಮೂರು: ಚೀಲ ಇಡಲು ಒಂದು ಜಾಗ, ಅದರ ಮೇಲೆ ಸೂರು, ಬೀಗದ ಮೇಲೆ ಬೀಳುವ ಹಾಗೆ ಒಂದು ದೀಪ. ಹೊಸ ಮನೆಯಲ್ಲಿ ಕಲ್ಲು ಬರಲಿಲ್ಲ. ಚಪ್ಪಲಿ ಗೂಡಿನ ಮೇಲ್ಭಾಗವನ್ನೇ ಎರಡು ಅಡಿ ಎತ್ತರಕ್ಕೆ ಕಟ್ಟಿಸಿ ಗ್ರಾನೈಟ್ ಹಾಸಿದೆವು. ದೀಪ ಬಾಗಿಲ ನೆತ್ತಿಯ ಮೇಲಲ್ಲ, ಬೀಗದ ಕಡೆ ಪಕ್ಕದ ಗೋಡೆಯಲ್ಲಿ ಬಂತು.

ಸಾಮಾನ್ಯ ತಪ್ಪು: ವಸ್ತುವನ್ನು ನಕಲು ಮಾಡಿ ಕಾರಣವನ್ನು ಬಿಡುವುದು. ನಾವು ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿದ್ದ ಮನೆಯ ಹಿಂದೆ ನಾಲ್ಕು ಅಡಿ ಅಗಲದ ಒಂದು ಓಣಿ ಇತ್ತು. ಮೇಲೆ ಶೀಟು, ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು. ಜುಲೈ ತಿಂಗಳಲ್ಲೂ ಬಟ್ಟೆ ಒಣಗುತ್ತಿತ್ತು. ಅದನ್ನು ನೋಡಿ ಪರಿಚಯದವರೊಬ್ಬರು ತಮ್ಮ ಹೊಸ ಮನೆಯ ಯುಟಿಲಿಟಿಯಲ್ಲಿ (ಅಡುಗೆಮನೆಯ ಪಕ್ಕ ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಜಾಗ) ಅಂಥದ್ದೇ ಸರಳು ಹಾಕಿಸಿದರು. ಮೂರು ಕಡೆ ಗೋಡೆ, ನಾಲ್ಕನೇ ಕಡೆ ಗಾಜು. ಮಳೆಗಾಲ ಪೂರ್ತಿ ಬಟ್ಟೆಗೆ ಮುಗ್ಗಲು ವಾಸನೆ. ಆ ಓಣಿಯಲ್ಲಿ ಬಟ್ಟೆ ಒಣಗಿಸುತ್ತಿದ್ದದ್ದು ಎರಡೂ ತುದಿ ತೆರೆದಿದ್ದರಿಂದ ಹಾದು ಹೋಗುತ್ತಿದ್ದ ಗಾಳಿ. ಸರಳಿನದು ಹಿಡಿದುಕೊಳ್ಳುವ ಕೆಲಸ ಮಾತ್ರ.

## ಹಂತ 2: ಅಳೆಯಿರಿ, ಅಂದಾಜು ಬೇಡ

ಇಷ್ಟವಾದದ್ದನ್ನೂ ಅಳೆಯಿರಿ, ಕಷ್ಟ ಕೊಟ್ಟದ್ದನ್ನೂ ಅಳೆಯಿರಿ. ಸ್ವಿಚ್ ಬೋರ್ಡ್ ಎಷ್ಟು ಎತ್ತರ, ಶೆಲ್ಫ್ ಎಷ್ಟು ಆಳ, ಮೆಟ್ಟಿಲು ಎಷ್ಟು ಎತ್ತರ, ಬಚ್ಚಲ ನಲ್ಲಿ ನೆಲದಿಂದ ಎಷ್ಟು ಮೇಲೆ. ಫೋಟೋ ತೆಗೆಯುವಾಗ ಟೇಪು ಹಿಡಿದೇ ತೆಗೆಯಿರಿ. ಟೇಪಿಲ್ಲದ ಫೋಟೋ ತೋರಿಸಿದರೆ ಮೇಸ್ತ್ರಿ ತಲೆಯಾಡಿಸುತ್ತಾರೆ, ತಮ್ಮ ಅಂದಾಜಿಗೆ ಕಟ್ಟುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದದ್ದು ಅಡುಗೆ ಕಟ್ಟೆಗೆ. ಸಾಮಾನ್ಯವಾಗಿ 32ರಿಂದ 34 ಇಂಚು ಕಟ್ಟುತ್ತಾರೆ. ನಿಮಗೆ ಎಷ್ಟು ಸರಿ ಅನ್ನುವುದನ್ನು ಬಾಡಿಗೆ ಮನೆಯಲ್ಲೇ ಕಂಡುಹಿಡಿಯಬಹುದು. ತರಕಾರಿ ಹೆಚ್ಚುವ ಮಣೆಯ ಕೆಳಗೆ ಒಂದೊಂದೇ ಹಲಗೆ ಅಥವಾ ದಪ್ಪ ಪುಸ್ತಕ ಇಡುತ್ತಾ ಹೋಗಿ. ಬೆನ್ನು ಬಗ್ಗದೆ, ಭುಜ ಏಳದೆ ಈರುಳ್ಳಿ ಹೆಚ್ಚಲು ಆಗುವ ಎತ್ತರ ಸಿಕ್ಕಿದಾಗ ನೆಲದಿಂದ ಮಣೆಯ ಮೇಲಿನವರೆಗೆ ಅಳೆಯಿರಿ. ಒಂದು ವಾರ ಹಾಗೇ ಅಡುಗೆ ಮಾಡಿ. ನೋವು ಬಂದರೆ ಬದಲಾಯಿಸಿ.

ಇನ್ನೊಂದು ಮುಖ್ಯ ವಿಷಯ. ನಮ್ಮ ಹಾಸನದ ಮನೆಗಳಲ್ಲಿ ಮುದ್ದೆ ತಿರುವಲೇಬೇಕು ಅಲ್ವಾ? ಒಲೆ ನಾಲ್ಕೈದು ಇಂಚು, ಅದರ ಮೇಲೆ ಪಾತ್ರೆ, ಅದರೊಳಗೆ ಕೋಲು. ಹೆಚ್ಚಲು ಸರಿಯಿದ್ದ ಕಟ್ಟೆ ಮುದ್ದೆ ತಿರುವಲು ತೀರಾ ಎತ್ತರವಾಗುತ್ತದೆ. ಮೇಲಿನಿಂದ ಒತ್ತಲು ಆಗದೆ ಭುಜದಲ್ಲೇ ತಿರುವಬೇಕಾಗುತ್ತದೆ. ನಮ್ಮ ಎರಡನೇ ಬಾಡಿಗೆ ಮನೆಯಲ್ಲಿ ಒಲೆ ಇಡುವ ಭಾಗ ಉಳಿದ ಕಟ್ಟೆಗಿಂತ ನಾಲ್ಕು ಇಂಚು ತಗ್ಗಾಗಿತ್ತು. ಆ ಮನೆಯಲ್ಲಿದ್ದ ಮೂರು ವರ್ಷ ನನಗೆ ಭುಜ ನೋವು ಬರಲಿಲ್ಲ. ಕಾರಣ ಗೊತ್ತಾಗಿದ್ದು ಮುಂದಿನ ಮನೆಗೆ ಹೋದ ಮೇಲೆ. ನಮ್ಮ ಮನೆಯಲ್ಲಿ ಹೆಚ್ಚುವ ಭಾಗ 33 ಇಂಚು, ಒಲೆಯ ಭಾಗ 29 ಇಂಚು. ನನ್ನ ಎತ್ತರ ಐದು ಅಡಿ ಎರಡಿಂಚು. ನೀವು ನಿಮ್ಮದನ್ನು ಅಳೆದುಕೊಳ್ಳಿ.

ಸಾಮಾನ್ಯ ತಪ್ಪು: ಬಾಡಿಗೆ ಮನೆಯಲ್ಲಿ ನೀವು ಅಳೆಯುವುದು ಟೈಲ್ಸ್ ಮೇಲಿನಿಂದ. ಕಟ್ಟುತ್ತಿರುವ ಮನೆಯಲ್ಲಿ ಟೈಲ್ಸ್ ಇನ್ನೂ ಬಂದಿರುವುದಿಲ್ಲ. ಗಾರೆ, ಟೈಲ್ಸ್ ಸೇರಿ ನೆಲ ಎರಡೂವರೆಯಿಂದ ಮೂರು ಇಂಚು ಏರುತ್ತದೆ. 33 ಇಂಚಿಗೆ ಕಟ್ಟಿಸಿದ ಕಟ್ಟೆ ಕೊನೆಗೆ 30 ಆಗುತ್ತದೆ. ಇದನ್ನು ತಪ್ಪಿಸಲು, ಮುಗಿದ ನೆಲದಿಂದ ಲೆಕ್ಕ ಹಿಡಿದು ಎಲ್ಲ ಗೋಡೆಗೂ ಒಂದು ಲೆವೆಲ್ ಗೆರೆ ಎಳೆದು ಕೊಡಲು ಮೇಸ್ತ್ರಿಗೆ ಹೇಳಿ. ನೀರಿನ ಟ್ಯೂಬು ಹಿಡಿದು ಒಂದು ಗಂಟೆಯಲ್ಲಿ ಎಳೆದು ಕೊಡುತ್ತಾರೆ. ಆಮೇಲೆ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಎಲ್ಲರೂ ಆ ಗೆರೆಯಿಂದಲೇ ಅಳೆಯಬೇಕು.

## ಹಂತ 3: ಪಟ್ಟಿಯನ್ನು ಕೊನೆಯ ದಿನದ ಪ್ರಕಾರ ಹರಿದು ಹಂಚಿ

ನೋಟ್‌ಬುಕ್ಕಿನಲ್ಲಿ ಎಪ್ಪತ್ತು ವಿಷಯ ಇದೆ ಅಂದುಕೊಳ್ಳಿ. ಅದನ್ನು ಅಡುಗೆಮನೆ, ಬಚ್ಚಲು, ಹಾಲ್ ಅಂತ ವಿಂಗಡಿಸುವುದು ಎಲ್ಲರ ಅಭ್ಯಾಸ. ಹಾಗೆ ಮಾಡಬೇಡಿ. ಒಂದೇ ಅಡುಗೆಮನೆಯ ವಿಷಯಗಳು ಐದು ಬೇರೆ ಬೇರೆ ದಿನಗಳಿಗೆ ಸೇರುತ್ತವೆ. ಆರು ಹಾಳೆ ತೆಗೆದುಕೊಳ್ಳಿ. ಪಾಯಕ್ಕೆ ಮೊದಲು, ಗೋಡೆ ಏಳುವಾಗ, ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವ ಮೊದಲು, ಗೋಡೆಯ ಗಾರೆಗೆ (ಪ್ಲಾಸ್ಟರಿಂಗ್) ಮೊದಲು, ಟೈಲ್ಸ್‌ಗೆ ಮೊದಲು, ಮರಗೆಲಸದಲ್ಲಿ. ಪ್ರತಿ ವಿಷಯವನ್ನೂ ಒಂದು ಹಾಳೆಗೆ ಹಾಕಿ. ಯಾವುದಕ್ಕೆ ಅಂತ ಗೊತ್ತಾಗದಿದ್ದರೆ ಮೇಸ್ತ್ರಿಯನ್ನು ಕೇಳಿ.

ಎಪ್ಪತ್ತನ್ನೂ ಒಂದೇ ದಿನ ಮೇಸ್ತ್ರಿಗೆ ಓದಿ ಹೇಳಬೇಡಿ. ಆ ಹಂತದ ಹಾಳೆಯನ್ನು ಆ ಹಂತಕ್ಕೆ ಒಂದು ವಾರ ಮುಂಚೆ ಕೊಡಿ. ಬಾಯಲ್ಲಿ ಹೇಳಿದ್ದಕ್ಕೆ ಲೆಕ್ಕವಿಲ್ಲ. ಕಾಗದದಲ್ಲಿ ಬರೆದು, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

## ಹಂತ 4: ಪಾಯಕ್ಕೆ ಮೊದಲು

ಈ ಹಾಳೆಯಲ್ಲಿ ಬರುವುದು ಜಾಗ ಮತ್ತು ಅಗಲ. ಸಂಪಿನ ಬಾಯಿ ಎಲ್ಲಿ, ಬಟ್ಟೆ ಒಗೆಯುವ ಕಲ್ಲು ಎಲ್ಲಿ, ಸಿಲಿಂಡರ್ ಎಲ್ಲಿ, ಬಾಗಿಲು ಎಷ್ಟು ಅಗಲ, ಮೆಟ್ಟಿಲು ಎಲ್ಲಿ ತಿರುಗುತ್ತದೆ.

ಒಂದು ಮನೆಯಲ್ಲಿ ನಮ್ಮ ಸಂಪಿನ ಬಾಯಿ ಓನರ್ ಕಾರು ನಿಲ್ಲಿಸುವ ಜಾಗದ ಮಧ್ಯೆ ಇತ್ತು. ನೀರು ನೋಡಲು ಪ್ರತಿ ಸಲ ಮೇಲಿನ ಮನೆಗೆ ಹೋಗಿ ಕಾರು ತೆಗೆಸಬೇಕಿತ್ತು. ಸಂಪಿನ ಬಾಯಿ ಗಾಡಿ ನಿಲ್ಲದ ಮೂಲೆಯಲ್ಲಿರಲಿ. ಅಂಗಳದ ನೆಲಕ್ಕಿಂತ ಮೂರು ನಾಲ್ಕು ಇಂಚು ಎತ್ತರವಾಗಿರಲಿ, ಇಲ್ಲದಿದ್ದರೆ ಅಂಗಳ ತೊಳೆದ ನೀರು ಒಳಗೆ ಇಳಿಯುತ್ತದೆ. ಎಷ್ಟು ದೊಡ್ಡದು ಬೇಕು ಅನ್ನುವ ಲೆಕ್ಕ ಸುಲಭ. ಒಂದು ಘನ ಅಡಿಗೆ ಸುಮಾರು 28 ಲೀಟರ್. ಆರು ಅಡಿ ಉದ್ದ, ಅಗಲ, ಆಳದ ಸಂಪಿನಲ್ಲಿ ಸುಮಾರು 6,000 ಲೀಟರ್ ಹಿಡಿಯುತ್ತದೆ. ನಲ್ಲಿ ನೀರು ದಿನವೂ ಬರದ ಬಡಾವಣೆಯಾದರೆ, ಬಾಡಿಗೆ ಮನೆಯಲ್ಲಿ ಮೀಟರ್ ನೋಡಿ ವಾರಕ್ಕೆ ಎಷ್ಟು ನೀರು ಖರ್ಚು ಅಂತ ಬರೆದುಕೊಳ್ಳಿ.

ಬಾಗಿಲ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಅತ್ತೆಗೆ ಸೊಂಟದ ಆಪರೇಷನ್ ಆದಾಗ ನಾವು ಮೂರನೇ ಬಾಡಿಗೆ ಮನೆಯಲ್ಲಿದ್ದೆವು. ಬಚ್ಚಲ ಬಾಗಿಲು ಎರಡೂವರೆ ಅಡಿ. ಚೌಕಟ್ಟು, ಬಾಗಿಲ ದಪ್ಪ ಕಳೆದರೆ ಉಳಿಯುವುದು ಎರಡು ಅಡಿ. ವೀಲ್‌ಚೇರಿನ ಅಗಲವೇ ಸಾಮಾನ್ಯವಾಗಿ 25 ಇಂಚು ದಾಟುತ್ತದೆ. ಎರಡು ತಿಂಗಳು ನಾನೂ ನಮ್ಮ ಯಜಮಾನರೂ ಅವರನ್ನು ಬಾಗಿಲಿಂದ ಒಳಗೆ ಎತ್ತಿಕೊಂಡೇ ಹೋಗಬೇಕಾಯಿತು. ಅವರಿಗೆ ಅದರಿಂದ ಎಷ್ಟು ನಾಚಿಕೆ, ನೋವು ಆಯಿತು ಅನ್ನುವುದು ನನಗೆ ಇವತ್ತೂ ನೆನಪಿದೆ. ಕೆಳಗಿನ ಅಂತಸ್ತಿನ ಒಂದು ಬಚ್ಚಲಿಗಾದರೂ ಮೂರು ಅಡಿ ಬಾಗಿಲು ಇಡಿ, ಅದು ಹೊರಗೆ ತೆರೆಯಲಿ. ಒಳಗೆ ಯಾರಾದರೂ ಜಾರಿ ಬಿದ್ದು ಬಾಗಿಲಿಗೆ ಅಡ್ಡ ಮಲಗಿದರೂ ಹೊರಗಿನಿಂದ ತೆರೆಯಬಹುದು.

ಮೆಟ್ಟಿಲು ತಿರುಗುವ ಕಡೆ ನಿಮ್ಮ ಬೀರು ಹಾಯುತ್ತದಾ ಅಂತ ಬೀರಿನ ಅಳತೆ ಹಿಡಿದು ನೋಡಿ. ಸಿಲಿಂಡರನ್ನು ಆದಷ್ಟು ಮನೆಯ ಹೊರಗೆ, ಸೂರಿನ ಕೆಳಗೆ ಇಡುವ ಹಾಗೆ ಮಾಡಿ. ಕಟ್ಟೆಯ ಕೆಳಗೇ ಇಡುವುದಾದರೆ ನೆಲದ ಮಟ್ಟದಲ್ಲಿ ಗಾಳಿ ಕಿಂಡಿ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಮೇಲಿನ ವೆಂಟಿಲೇಟರಿನಿಂದ ಹೋಗುವುದಿಲ್ಲ.

## ಹಂತ 5: ಗೋಡೆ ಏಳುವಾಗ

ಕಿಟಕಿ, ಸಜ್ಜ (ಕಿಟಕಿಯ ಮೇಲೆ ಹೊರಗೆ ಚಾಚಿದ ಕಾಂಕ್ರೀಟ್ ಸೂರು), ಗೂಡು, ಲಾಫ್ಟ್ (ಸಾಮಾನು ಇಡುವ ಅಟ್ಟ) ಈ ಹಾಳೆಯವು.

ಮುಂಗಾರು ಮಳೆ ನಮಗೆ ಹೆಚ್ಚಾಗಿ ಪಶ್ಚಿಮ, ನೈಋತ್ಯದ ಕಡೆಯಿಂದ ಗಾಳಿಯ ಜೊತೆ ಓರೆಯಾಗಿ ಬರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗಂತೂ ಇದನ್ನು ಹೇಳಬೇಕಾಗಿಯೇ ಇಲ್ಲ. ಮಳೆ 45 ಡಿಗ್ರಿ ಓರೆಯಾಗಿ ಬಿದ್ದರೆ ಸಜ್ಜ ಎಷ್ಟು ಮುಂದೆ ಬಂದಿದೆಯೋ ಅಷ್ಟೇ ಎತ್ತರದ ಕಿಟಕಿಯನ್ನು ಕಾಪಾಡುತ್ತದೆ. ಒಂದೂವರೆ ಅಡಿಯ ಸಜ್ಜ, ನಾಲ್ಕು ಅಡಿಯ ಕಿಟಕಿ ಇದ್ದರೆ ಕೆಳಗಿನ ಎರಡೂವರೆ ಅಡಿ ನೆನೆಯುತ್ತದೆ. ಬಾಡಿಗೆ ಮನೆಯಲ್ಲಿ ಜೋರು ಮಳೆ ಬಂದ ದಿನ ಜಗಲಿಯಲ್ಲಿ ಎಲ್ಲಿವರೆಗೆ ಒದ್ದೆಯಾಯಿತು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸೂರು ಎಷ್ಟು ಮುಂದಿದೆ ಅಂತಲೂ ಅಳೆಯಿರಿ. ಆ ಎರಡು ಅಳತೆ ನಿಮ್ಮ ಎಂಜಿನಿಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಪಶ್ಚಿಮದ ಕಿಟಕಿಗೆ ನಾವು ಎರಡೂವರೆ ಅಡಿ ಸಜ್ಜ ಹಾಕಿಸಿ, ಕಿಟಕಿಯನ್ನು ಮೂರು ಅಡಿಗೆ ಇಳಿಸಿದೆವು.

ಸಜ್ಜದ ಅಡಿಯಲ್ಲಿ, ಹೊರ ಅಂಚಿನಿಂದ ಒಂದೆರಡು ಇಂಚು ಒಳಗೆ, ಉದ್ದಕ್ಕೂ ಅರ್ಧ ಇಂಚಿನ ಒಂದು ತೋಡು ಗೆರೆ ಇರಬೇಕು. ಅದಿಲ್ಲದಿದ್ದರೆ ನೀರು ಸಜ್ಜದ ಅಡಿಯಲ್ಲೇ ಹರಿದು ಬಂದು ಗೋಡೆ ಸೇರುತ್ತದೆ. ಬಾಡಿಗೆ ಮನೆಯ ಕಿಟಕಿ ಮೇಲ್ಗಡೆ ಹಸಿರು ಪಾಚಿ ಕಟ್ಟಿದ್ದರೆ ಹೊರಗೆ ಹೋಗಿ ತಲೆಯೆತ್ತಿ ನೋಡಿ. ಹೆಚ್ಚಿನ ಕಡೆ ಆ ಗೆರೆಯೇ ಇರುವುದಿಲ್ಲ. ಗೆರೆ ಮಾಡುವುದು ಗಾರೆ ಹಾಕುವ ದಿನ, ಹಾಗಾಗಿ ಆ ಹಾಳೆಯಲ್ಲೂ ಇದನ್ನು ಬರೆದುಕೊಳ್ಳಿ. ಕಿಟಕಿಯ ಕೆಳಗಿನ ಕಲ್ಲು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ.

ಗೋಡೆ ಗೂಡುಗಳನ್ನು ಹೊರಗೋಡೆಯಲ್ಲಿ ಮಾಡಿಸಬೇಡಿ. ಅಲ್ಲಿ ಗೋಡೆ ತೆಳ್ಳಗಾಗುತ್ತದೆ, ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ. ಬಟ್ಟೆ ಬೀರುವಿಗೂ ಇದೇ ಮಾತು. ಚಿಕ್ಕಮಗಳೂರಿನ ಮನೆಯಲ್ಲಿ ಪಶ್ಚಿಮದ ಗೋಡೆಗೆ ಒತ್ತಿ ನಿಲ್ಲಿಸಿದ್ದ ಬೀರುವಿನಲ್ಲಿ ನನ್ನ ಮದುವೆ ಸೀರೆಗೆ ಬೂಷ್ಟು ಹಿಡಿಯಿತು. ಈಗ ಬೀರು ಒಳಗೋಡೆಗಿದೆ, ಹಿಂದೆ ಎರಡು ಇಂಚು ಸಂದಿ ಇದೆ.

ಎಚ್ಚರಿಕೆ: ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು-ಕಿಟಕಿಯ ಮೇಲಿನ ಕಾಂಕ್ರೀಟ್ ಪಟ್ಟಿಯ ಮಟ್ಟಕ್ಕೆ, ಬಂದ ಮೇಲೆ ಕಿಟಕಿಯ ಜಾಗ ಬದಲಾಯಿಸುವ ಆಸೆ ಬಂದರೆ ಬಿಟ್ಟುಬಿಡಿ. ಬಿಟ್ಟದ್ದು ಒಂದು ಕಿಟಕಿ, ಒಡೆಯುವುದು ಇಡೀ ಗೋಡೆ.

## ಹಂತ 6: ಮೋಲ್ಡ್ ಹಾಕುವ ಹಿಂದಿನ ದಿನ

ಇದು ಚಿಕ್ಕ ಹಾಳೆ. ಆದರೆ ಇಲ್ಲಿ ಮರೆತರೆ ಮತ್ತೆ ದಾರಿಯಿಲ್ಲ. ತೊಟ್ಟಿಲಿಗೆ ಅಥವಾ ಉಯ್ಯಾಲೆಗೆ ಕೊಕ್ಕೆ, ಬಟ್ಟೆ ಗಳ ತೂಗುಹಾಕಲು ಕೊಕ್ಕೆ, ಫ್ಯಾನ್ ಬಾಕ್ಸ್, ದೀಪದ ಪೈಪು, ಸೋಲಾರ್ ಪೈಪು ಇಳಿಯುವ ತೂತು, ಇಂಟರ್‌ನೆಟ್ ವೈರಿಗೆ ಒಂದು ಖಾಲಿ ಪೈಪು.

ಮೋಲ್ಡ್ ಹಾಕುವ ಹಿಂದಿನ ದಿನ ಸಂಜೆ ನೀವೇ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟಿದ ಹಲಗೆ) ಮೇಲೆ ಹತ್ತಿ. ಕೆಳಗೆ ಯಾವ ಕೋಣೆ ಇದೆ ಅಂತ ಮೇಲಿನಿಂದ ತಿಳಿಯುವುದು ಕಷ್ಟ. ಗೋಡೆಯ ಗುರುತು ನೋಡಿಕೊಂಡು, ಮಂಚ ಎಲ್ಲಿ ಬರುತ್ತದೆ, ಫ್ಯಾನ್ ಅದರ ಮೇಲೆ ಬರುತ್ತದಾ ಅಂತ ಟೇಪು ಹಿಡಿದು ನೋಡಿ. ಕೊಕ್ಕೆಯ ಸರಳನ್ನು ಮೋಲ್ಡಿನ ಕಬ್ಬಿಣಕ್ಕೆ ಕಟ್ಟಿರಬೇಕು. ಕಟ್ಟಿದ್ದನ್ನು ಎಂಜಿನಿಯರಿಗೆ ತೋರಿಸಿ. ಉಯ್ಯಾಲೆಗಾದರೆ ಮೊದಲೇ ಹೇಳಿ, ಭಾರದ ಲೆಕ್ಕ ಬೇರೆ.

ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೊಕ್ಕೆಗೆ ಅಂತ ಕೊರೆಯುವವರು ಒಳಗಿನ ಕಬ್ಬಿಣ ಕಡಿದ ಉದಾಹರಣೆ ನಾನೇ ನೋಡಿದ್ದೇನೆ. ಮಗು ಮಲಗುವ ತೊಟ್ಟಿಲನ್ನು ಅಂಥ ಕೊಕ್ಕೆಗೆ ಕಟ್ಟಬೇಡಿ.

## ಹಂತ 7: ಗಾರೆಗೆ ಮೊದಲು, ಕರೆಂಟು ಮತ್ತು ನೀರು

ಜನ ಅತಿ ಹೆಚ್ಚು ಎಡವುವುದು ಇಲ್ಲಿ. ಎಲೆಕ್ಟ್ರಿಷಿಯನ್ ಬಂದು 'ಪಾಯಿಂಟ್ ಎಲ್ಲೆಲ್ಲಿ ಬೇಕಕ್ಕ?' ಅಂತ ಕೇಳಿದಾಗ ಗೋಡೆ ಮಾತ್ರ ಇರುತ್ತದೆ, ಮನೆ ಕಾಣುವುದಿಲ್ಲ. ಸುಮ್ನೆ ಕೈ ತೋರಿಸಿಬಿಡುತ್ತೇವೆ.

ಮೊದಲು ಬಾಡಿಗೆ ಮನೆಯಲ್ಲಿ ಎಕ್ಸ್‌ಟೆನ್ಶನ್ ಬಾಕ್ಸ್ ಎಷ್ಟಿವೆ ಎಣಿಸಿ. ಒಂದೊಂದು ಬಾಕ್ಸೂ ಒಂದು ಬಿಟ್ಟುಹೋದ ಪ್ಲಗ್ ಪಾಯಿಂಟು. ನಮ್ಮ ಕೊನೆಯ ಬಾಡಿಗೆ ಮನೆಯಲ್ಲಿ ಏಳು ಇದ್ದವು. ಆ ಏಳೂ ನಮ್ಮ ಹಾಳೆಯಲ್ಲಿ ಮೊದಲು ಬಂದವು.

ಆಮೇಲೆ ಹೊಸ ಗೋಡೆಯ ನಡುವೆ ಸೀಮೆಸುಣ್ಣದಲ್ಲಿ ಮಂಚ, ಫ್ರಿಜ್, ಸೋಫಾ, ವಾಷಿಂಗ್ ಮೆಷಿನ್ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ನೆಲದ ಮೇಲೆ ಬರೆಯಿರಿ. ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದನ್ನೂ ಬರೆಯಿರಿ. ಸ್ವಿಚ್ಚು ತೆರೆದ ಬಾಗಿಲ ಹಿಂದೆ ಸಿಕ್ಕಿಹಾಕಿಕೊಳ್ಳುವುದು ನಾನು ನೋಡಿದ ಮನೆಗಳಲ್ಲೆಲ್ಲಾ ಆಗಿರುವ ತಪ್ಪು. ಆಮೇಲೆ ಒಂದು ದಿನವನ್ನು ನಡೆದು ನೋಡಿ. ರಾತ್ರಿ ಬಂದೆ, ಬೀಗ ತೆಗೆದೆ, ಮೊದಲ ಸ್ವಿಚ್ಚು ಎಲ್ಲಿ? ಮಲಗಲು ಹೋದೆ, ಹಾಲಿನ ದೀಪ ಎಲ್ಲಿಂದ ಆರಿಸಲಿ? ಮಲಗಿದ ಮೇಲೆ ಎದ್ದು ಹೋಗದೆ ಕೋಣೆಯ ದೀಪ ಆರಿಸಬಹುದಾ? ಮೆಟ್ಟಿಲಿಗೆ, ಮಲಗುವ ಕೋಣೆಗೆ ಟೂ ವೇ ಸ್ವಿಚ್ಚು (ಒಂದೇ ದೀಪವನ್ನು ಎರಡು ಕಡೆಯಿಂದ ಹಾಕಿ ಆರಿಸುವುದು) ಹಾಕಿಸಿದರೆ ಈ ತಾಪತ್ರಯ ಇಲ್ಲ. ಗಾರೆಗೆ ಮೊದಲು ಹೇಳಿದರೆ ಒಂದೆರಡು ವೈರು ಜಾಸ್ತಿ, ಅಷ್ಟೇ.

ಭಾರದ ಯಂತ್ರಗಳಿಗೆ ಬೇರೆ ಲೆಕ್ಕ. 2,000 ವಾಟಿನ ಗೀಸರ್ ಅಥವಾ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಪ್ಲಗ್ಗು ಅದಕ್ಕೆ ಸಾಲದು. ಬಾಡಿಗೆ ಮನೆಯಲ್ಲಿ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿದ್ದು, ಸುಟ್ಟ ವಾಸನೆ ಬಂದಿದ್ದು ನೆನಪಿದ್ದರೆ ಕಾರಣ ಹೆಚ್ಚಾಗಿ ಇದೇ. ಅಡುಗೆಮನೆಯಲ್ಲಿ ಎರಡಾದರೂ 16 ಆಂಪಿಯರ್ ಪಾಯಿಂಟ್ ಇರಲಿ. ಮಿಕ್ಸಿಯ ಪ್ಲಗ್ಗು ಸಿಂಕಿನ ನೀರು ಸಿಡಿಯದ ಕಡೆ ಇರಲಿ. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಯಾರಿಗಾದರೂ ಶಾಕ್ ಹೊಡೆದರೆ ಅದು ಕರೆಂಟನ್ನು ತಕ್ಷಣ ಕಡಿಯುತ್ತದೆ. ಬೋರ್ಡಿನಲ್ಲಿ ಮಾಮೂಲಾಗಿ ಇರುವ ಎಂಸಿಬಿ ಸ್ವಿಚ್ಚು ಆ ಕೆಲಸ ಮಾಡುವುದಿಲ್ಲ. ಅದು ವೈರನ್ನು ಕಾಪಾಡುತ್ತದೆ, ಮನುಷ್ಯರನ್ನಲ್ಲ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ನಮ್ಮ ಕಡೆ ಹೊಸದಲ್ಲ. ಯುಪಿಎಸ್ ಈಗ ಕೊಳ್ಳದಿದ್ದರೂ ಅದರ ವೈರಿಂಗನ್ನು ಈಗಲೇ ಬೇರೆ ಮಾಡಿಸಿ. ಯಾವ ದೀಪ, ಯಾವ ಫ್ಯಾನ್ ಅಂತ ಬರೆದು ಕೊಡಿ. ಬಚ್ಚಲ ದೀಪವನ್ನು ಆ ಪಟ್ಟಿಯಿಂದ ಬಿಡಬೇಡಿ.

ನೀರಿನ ವಿಷಯಕ್ಕೆ ಬಂದರೆ, ಪ್ರತಿ ಬಚ್ಚಲಿಗೂ ಅಡುಗೆಮನೆಗೂ ಬೇರೆ ಬೇರೆ ವಾಲ್ವ್ ಹಾಕಿಸಿ. ಬಾಡಿಗೆ ಮನೆಯಲ್ಲಿ ಒಂದು ನಲ್ಲಿಯ ವಾಷರ್ ಬದಲಾಯಿಸಲು ಟೆರೇಸ್ ಹತ್ತಿ ಇಡೀ ಕಟ್ಟಡದ ನೀರು ನಿಲ್ಲಿಸಿದ್ದು ನಿಮಗೂ ಗೊತ್ತಿರುತ್ತದೆ. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು. ಮಾಮೂಲಿ ಪಿವಿಸಿ ಬಿಸಿಗೆ ಬಾಗುತ್ತದೆ, ಕೀಲು ಬಿಡುತ್ತದೆ.

ಸೋಲಾರ್ ಇರುವ ಬಾಡಿಗೆ ಮನೆಯಾದರೆ ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಬಿಸಿನೀರು ಬರುವ ಮೊದಲು ಎಷ್ಟು ತಣ್ಣೀರು ಬರುತ್ತದೆ ಅಂತ ಬಕೆಟಿನಲ್ಲಿ ಹಿಡಿಯಿರಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಪ್ರತಿ 10 ಅಡಿಗೆ ಮುಕ್ಕಾಲು ಲೀಟರಿನಷ್ಟು ನೀರು ತಣ್ಣಗಾಗಿ ನಿಂತಿರುತ್ತದೆ. 50 ಅಡಿ ಸುತ್ತಿ ಬಂದರೆ ಪ್ರತಿ ಸಲವೂ ನಾಲ್ಕು ಲೀಟರ್ ಚೆಲ್ಲಬೇಕು. ಟೆರೇಸಿನಲ್ಲಿ ಸೋಲಾರ್ ಟ್ಯಾಂಕ್ ಆದಷ್ಟು ಬಚ್ಚಲ ನೆತ್ತಿಯ ಮೇಲೇ ಬರಲಿ. ಮೋಡ ಮುಸುಕಿದ ಜುಲೈ, ಆಗಸ್ಟಿಗೆ ಗೀಸರ್ ಪಾಯಿಂಟು ಬೇಕೇ ಬೇಕು. ಹಿಂದೆ ಜಾಗವಿದ್ದರೆ ಒಂದು ಹಂಡೆ ಒಲೆಗೂ ಗೂಡು ಮಾಡಿಸಿ. ಎರಡು ದಿನ ಕರೆಂಟಿಲ್ಲದಾಗ ಅದೊಂದೇ ಆಸರೆ.

ಪೈಪು, ವೈರು ಕೂರಿಸಿದ ಮೇಲೆ, ಗಾರೆಗೆ ಮೊದಲು ಎರಡು ಕೆಲಸ. ನೀರಿನ ಪೈಪುಗಳಿಗೆ ಒತ್ತಡ ಕೊಟ್ಟು ಸೋರಿಕೆ ನೋಡಿಸಿ. ಆಮೇಲೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಗೋಡೆಯ ಮೂಲೆಯಿಂದ ಟೇಪು ಎಳೆದು ಹಿಡಿದು. ಒಂದು ಗೋಡೆಯನ್ನೂ ಬಿಡಬೇಡಿ.

ಎಚ್ಚರಿಕೆಯ ಮಾತುಗಳು: 'ಆಮೇಲೆ ನೋಡೋಣ ಬಿಡಕ್ಕ', 'ಎಲ್ಲರ ಮನೇಲೂ ಹಿಂಗೇ ಹಾಕೋದು', 'ಗಾರೆ ಆದ್ಮೇಲೆ ಸಣ್ಣದಾಗಿ ಕೊರೆದುಕೊಡ್ತೀವಿ'. ಈ ಮೂರರಲ್ಲಿ ಯಾವುದು ಕೇಳಿದರೂ ಆ ದಿನ ಗಾರೆ ಶುರು ಮಾಡಿಸಬೇಡಿ. ಜಗಳ ಬೇಡ. ಟೀ ತರಿಸಿ, ಹಾಳೆ ತೆಗೆದು ಒಂದೊಂದೇ ಸಾಲು ಓದಿ. ಕೆಲಸದವರು ಕೆಟ್ಟವರಲ್ಲ. ಅವರು ಆ ಮನೆಯಲ್ಲಿ ವಾಸ ಮಾಡುವುದಿಲ್ಲ, ಹಾಗಾಗಿ ಅವರಿಗೆ ಕಾಣುವುದಿಲ್ಲ.

## ಹಂತ 8: ಟೈಲ್ಸ್‌ಗೆ ಮೊದಲು

ಬಚ್ಚಲ ನೆಲಕ್ಕೆ ವಾಟರ್‌ಪ್ರೂಫಿಂಗ್ ಆದ ಮೇಲೆ ತೂತು ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ. ಎರಡು ದಿನ ಬಿಟ್ಟು ಕೆಳಗಿನ ತಾರಸಿ, ಪಕ್ಕದ ಗೋಡೆ ನೋಡಿ. ಒದ್ದೆ ಕಂಡರೆ ಟೈಲ್ಸ್ ಹಾಕಲು ಬಿಡಬೇಡಿ.

ಇಳಿಜಾರು ಎಂಟು ಅಡಿಗೆ ಒಂದರಿಂದ ಒಂದೂವರೆ ಇಂಚು ಇದ್ದರೆ ನೀರು ತಾನಾಗಿ ಹೋಗುತ್ತದೆ. ಟೈಲ್ಸನ್ನು ಬರೀ ಗಾರೆಯ ಮೇಲೆ ಜೋಡಿಸಿಟ್ಟಾಗಲೇ ಗೋಲಿ ಬಿಟ್ಟು ನೋಡಿ. ಬಾಗಿಲ ಕಡೆ ಉರುಳಿದರೆ ಅಲ್ಲೇ ಹೇಳಿ. ಬಚ್ಚಲ ನೆಲ ಹೊರಗಿನ ನೆಲಕ್ಕಿಂತ ಒಂದು ಇಂಚಾದರೂ ತಗ್ಗಿರಲಿ. ಟೈಲ್ಸ್ ಅಂಗಡಿಯಲ್ಲಿ ಒಂದು ತುಂಡನ್ನು ಒದ್ದೆ ಮಾಡಿ, ಚಪ್ಪಲಿ ಬಿಟ್ಟು ನಿಂತು ನೋಡಿ ಆರಿಸಿ.

ನೆಂಟರ ಬಚ್ಚಲಿನಿಂದ ನಾತ ಬರುತ್ತದೆ ಅಂತ ಬಾಡಿಗೆ ಮನೆಯಲ್ಲಿ ಬೈದುಕೊಂಡಿದ್ದರೆ, ಅದು ಕಟ್ಟಿದವರ ತಪ್ಪಲ್ಲದೆಯೂ ಇರಬಹುದು. ಬಳಸದ ಬಚ್ಚಲ ಟ್ರ್ಯಾಪಿನಲ್ಲಿ (ನೀರು ಹೋಗುವ ತೂತಿನ ಕೆಳಗಿನ ಬಾಗಿದ ಪೈಪು) ನಿಂತ ನೀರು ಆರಿಹೋದರೆ ಚರಂಡಿಯ ಗಾಳಿ ನೇರ ಒಳಗೆ ಬರುತ್ತದೆ. ವಾರಕ್ಕೊಂದು ಚೊಂಬು ನೀರು ಹಾಕಿದರೆ ಸಾಕು.

## ಹಂತ 9: ಮರಗೆಲಸದಲ್ಲಿ

ಇದು ತಪ್ಪಾದರೂ ಸರಿಮಾಡಬಹುದಾದ ಹಂತ. ಅದಕ್ಕೇ ಇಲ್ಲಿ ತಲೆಬಿಸಿ ಬೇಡ. ಬಾಗಿಲಿಗೆ ಸ್ಟಾಪರ್, ಕಿಟಕಿಗೆ ಗಾಳಿಗೆ ಬಡಿಯದ ಹಾಗೆ ಕೊಂಡಿ, ಸೊಳ್ಳೆ ಮೆಷ್, ವಯಸ್ಸಾದವರಿಗೆ ಎಟುಕುವ ಚಿಲಕ. ಒದ್ದೆ ಕೊಡೆ, ಜರ್ಕಿನ್ ತೂಗುಹಾಕಲು ಬಾಗಿಲ ಹೊರಗೆ, ಸೂರಿನ ಕೆಳಗೆ ನಾಲ್ಕು ಕೊಕ್ಕೆ ಹಾಕಿಸಿ. ಅದರ ಕೆಳಗೆ ನೀರು ಹರಿದುಹೋಗುವ ಹಾಗೆ ನೆಲ ಇಳಿಜಾರಿರಲಿ. ಕಟ್ಟೆಯ ಕೆಳಗಿನ ಬೀರುವಿನ ಬಾಗಿಲಿಗೆ ಗಾಳಿ ಆಡುವ ಪಟ್ಟಿ ಇಡಿಸಿ. ಪೂರ್ತಿ ಮುಚ್ಚಿದ ಬೀರು ಮಳೆಗಾಲದಲ್ಲಿ ವಾಸನೆ ಹೊಡೆಯುತ್ತದೆ.

## ಹಂತ 10: ಸಾಮಾನು ಸಾಗಿಸುವ ಮುಂಚೆ

ಖಾಲಿ ಮನೆಯಲ್ಲಿ ಒಂದು ದಿನ ಕಳೆಯಿರಿ, ಸಂಜೆ ಏಳರವರೆಗೆ. ಹಳೇ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದುತ್ತಾ ಒಂದೊಂದಕ್ಕೂ ಟಿಕ್ ಹಾಕಿ. ಎಲ್ಲ ಸ್ವಿಚ್ಚು ಹಾಕಿ ಆರಿಸಿ. ಪ್ರತಿ ಬಚ್ಚಲಿಗೂ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಕರೆಂಟು ಕಡಿಯಬೇಕು. ಉಳಿದ ಕೆಲಸದ ಪಟ್ಟಿ ಮೇಸ್ತ್ರಿಗೆ ಕೊಟ್ಟು, ಅದು ಮುಗಿದ ಮೇಲೆ ಕೊನೆಯ ಕಂತು ಕೊಡಿ.

ಬಾಡಿಗೆ ಮನೆಯನ್ನು ಅದೇ ವಾರ ಬಿಟ್ಟುಕೊಡಬೇಡಿ. ಓನರನ್ನು ಕೇಳಿ ಹದಿನೈದು ದಿನ ಜಾಸ್ತಿ ಇಟ್ಟುಕೊಳ್ಳಿ. ನಾವು ಹೊಸ ಮನೆಯ ಯುಟಿಲಿಟಿಗೆ ಶೆಲ್ಫ್ ಮಾಡಿಸುವಾಗ ಹಳೇ ಮನೆಯ ಶೆಲ್ಫಿನ ಆಳವನ್ನು ಅಳೆಯುವುದು ಬಿಟ್ಟುಹೋಗಿತ್ತು. ಕೀಲಿ ಇನ್ನೂ ನಮ್ಮ ಹತ್ತಿರವೇ ಇದ್ದಿದ್ದರಿಂದ ಸಂಜೆ ಹೋಗಿ ಅಳೆದುಕೊಂಡು ಬಂದೆ. ಹದಿಮೂರು ಇಂಚು.

ಗೋಡೆಯ ಫೋಟೋಗಳನ್ನು ಪ್ರಿಂಟ್ ಹಾಕಿಸಿ, ಕೋಣೆ ಹೆಸರು ಬರೆದು ಒಂದು ಫೈಲಿನಲ್ಲಿಡಿ. ಫೋನು ಬದಲಾಗುತ್ತದೆ, ಫೋಟೋ ಕಳೆದುಹೋಗುತ್ತದೆ. ನಮ್ಮ ಫೈಲು ಮೇನ್ ಬೋರ್ಡಿನ ಕೆಳಗಿನ ಗೂಡಿನಲ್ಲಿದೆ. ಹೋದ ಶ್ರಾವಣದಲ್ಲಿ ದೇವರ ಮನೆಯಲ್ಲಿ ಗಂಟೆ ತೂಗುಹಾಕಲು ಕೊರೆಯಬೇಕಿತ್ತು. ಫೈಲು ತೆಗೆದು ನೋಡಿದೆವು. ಗುರುತು ಹಾಕಿದ್ದ ಜಾಗದ ಹಿಂದೆಯೇ ನೀರಿನ ಪೈಪು ಇತ್ತು. ಐದು ಇಂಚು ಬಲಕ್ಕೆ ಸರಿಸಿ ಕೊರೆಸಿದೆವು.